ಕಾಲುವೆಯ ಕೊನೆಯವರೆಲ್ಲ ಒಂದಾದ ಬಗೆ

ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ ಇದೆ. ನಮ್ಮ ಕಡೆ ಅದನ್ನು ಈಗಲೂ ಮೈಲ್ ಲೆಕ್ಕದಲ್ಲೇ ಹೇಳುತ್ತಾರೆ. 47ನೇ ಮೈಲ್, 69ನೇ ಮೈಲ್, 104ನೇ ಮೈಲ್ ಅಂತ. ಡ್ಯಾಮಿನಿಂದ ಹೊರಟ ನೀರು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರ ಕಡೆಯ ಹೊಲಗಳನ್ನು ತಣಿಸಿ ರಾಯಚೂರು ತಾಲ್ಲೂಕಿಗೆ ಮುಟ್ಟಬೇಕು. ನಮ್ಮೂರು ಇರುವುದು ಸಿರವಾರ ತಾಲ್ಲೂಕಿನಲ್ಲಿ, ಒಂದು ವಿತರಣಾ ಕಾಲುವೆಯ ತೀರಾ ತುದಿಗೆ. ಊರಿನ ನೀರು ಬಳಕೆದಾರರ ಸಹಕಾರ ಸಂಘದ ಕೆಲಸ ನನ್ನ ಕೈಯಲ್ಲಿದೆ. 2023ರ ಬರಗಾಲದಲ್ಲಿ ಕೊನೆ ಭಾಗದ ಊರುಗಳನ್ನೆಲ್ಲ ಸೇರಿಸಿ ಒಂದು ಒಕ್ಕೂಟ ಕಟ್ಟಿದೆವು. ಹತ್ತಿರದಿಂದ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೈತ್ರಿ ಅಂದರೆ ಬೆಂಗಳೂರಿನಲ್ಲಿ ಆಗುವ ಕೆಲಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಳ್ಳಿಯಲ್ಲಿ ಮೈತ್ರಿ ಕಟ್ಟುವುದು ಅದಕ್ಕಿಂತ ಸುಲಭವೇನಲ್ಲ.

ಮೊದಲು ನೀರಿನ ಲೆಕ್ಕ ಹೇಳಿಬಿಡುತ್ತೇನೆ. ಡ್ಯಾಮ್ ಕಟ್ಟಿದಾಗ ಅದರಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಅದು 105.788ಕ್ಕೆ ಇಳಿದಿದೆ. ಎಡದಂಡೆಯ ಅಚ್ಚುಕಟ್ಟಿನಲ್ಲಿ ಹೆಚ್ಚಿನ ಭಾಗಕ್ಕೆ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆ ಅಂತ ಗೊತ್ತು ಮಾಡಿದ್ದರು. ಭತ್ತಕ್ಕೆ ಇಟ್ಟದ್ದು ಕಡಿಮೆ ಜಾಗ. ಆದರೆ ಮೇಲಿನವರಿಗೆ ನೀರು ಮೊದಲು ಸಿಗುತ್ತದೆ, ಭತ್ತಕ್ಕೆ ಮಾರುಕಟ್ಟೆ ಇದೆ, ರೈಸ್ ಮಿಲ್ಲುಗಳು ಬಂದವು, ಆಮೇಲೆ ಭತ್ತ ಹಬ್ಬುತ್ತಾ ಹೋಯಿತು. ಅದರ ಮೇಲೆ ಅಚ್ಚುಕಟ್ಟಿನ ಹೊರಗಿನ ಹೊಲಗಳಿಗೂ ಪಂಪ್‌ಸೆಟ್ ಇಟ್ಟು ನೀರು ಎತ್ತುತ್ತಾರೆ. ಕೊನೆಗೆ ನಮ್ಮ ತೂಬಿಗೆ ಬರುವಾಗ ಕಾಲುವೆಯ ತಳದ ಕೆಸರು ಕಾಣುತ್ತಿರುತ್ತದೆ.

ಇದು ಎಷ್ಟೋ ವರ್ಷಗಳ ಗೋಳು. ಹೋರಾಟಗಳೂ ಆಗಿವೆ. ಆದರೆ ಪ್ರತಿ ಊರೂ ತನ್ನ ಪಾಡಿಗೆ ಹೋಗುತ್ತಿತ್ತು. ಒಂದು ಊರಿನವರು ರಸ್ತೆ ತಡೆ ಮಾಡಿದರೆ ಅವರ ವಿತರಣಾ ಕಾಲುವೆಗೆ ಎರಡು ದಿನ ನೀರು ಬಿಡುತ್ತಿದ್ದರು. ಆ ನೀರು ಪಕ್ಕದ ಊರಿನ ಪಾಲಿನದು. ಮುಂದಿನ ವಾರ ಪಕ್ಕದ ಊರಿನವರು ರಸ್ತೆಗೆ ಬರುತ್ತಿದ್ದರು. ಅಧಿಕಾರಿಗಳಿಗೆ ಇದರಿಂದ ತೊಂದರೆಯೇ ಇರಲಿಲ್ಲ, ಯಾಕೆಂದರೆ ಕೊನೆ ಭಾಗಕ್ಕೆ ಬರುವ ಒಟ್ಟು ನೀರು ಹೆಚ್ಚಾಗುತ್ತಲೇ ಇರಲಿಲ್ಲ, ಇದ್ದದ್ದನ್ನೇ ನಮ್ಮ ನಮ್ಮೊಳಗೆ ಅತ್ತಿತ್ತ ಮಾಡುತ್ತಿದ್ದರು. ಹಸಿರು ಶಾಲಿನ ಬಣಗಳೂ ಬೇರೆ ಬೇರೆ. ಒಂದು ಬಣ ಕರೆದ ಧರಣಿಗೆ ಇನ್ನೊಂದು ಬಣ ಬರುವುದಿಲ್ಲ. ಇದು ಮುರಿಯಬೇಕು ಅಂದರೆ ಎಲ್ಲರೂ ಒಂದೇ ಬೇಡಿಕೆ ಇಡಬೇಕು ಅಂತ ನಾವು ಕೆಲವರಿಗೆ ಅನ್ನಿಸಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಡ್ಯಾಮ್ ತುಂಬಿರಲಿಲ್ಲ. ಒಬ್ಬೊಬ್ಬರೇ ಹೋದರೆ ಏನೂ ಸಿಗದ ವರ್ಷ ಅದು.

ಮೊದಲ ಸಭೆ ಎಲ್ಲಿ ಮಾಡುವುದು ಅನ್ನುವುದೇ ದೊಡ್ಡ ಮಾತಾಯಿತು. ಹಿರಿಯ ಗೌಡರೊಬ್ಬರು ತಮ್ಮ ಮನೆಯ ಕಟ್ಟೆಗೆ ಬನ್ನಿ ಅಂದರು. ಮನುಷ್ಯ ಒಳ್ಳೆಯವರು, ಮನಸ್ಸಿಟ್ಟೇ ಕರೆದಿದ್ದರು. ಆದರೆ ಅಲ್ಲಿ ಸಭೆ ಅಂದರೆ ಕೇರಿಯ ಜನ ಬರುವುದಿಲ್ಲ, ಬಂದರೂ ದೂರ ನಿಲ್ಲುತ್ತಾರೆ, ಬಾಯಿ ಬಿಡುವುದಿಲ್ಲ. ಗುಡಿಯಲ್ಲಿ ಅಂದರೆ ಇನ್ನು ಕೆಲವರಿಗೆ ಬರಲು ಆಗುವುದಿಲ್ಲ. ಕಡೆಗೆ ಶಾಲೆಯ ಅಂಗಳದಲ್ಲಿ, ಸಂಜೆ ಹೊತ್ತು, ಎಲ್ಲರೂ ನೆಲದ ಮೇಲೆ ಕೂರುವುದು ಅಂತ ಮಾಡಿದೆವು. ಕುರ್ಚಿ ತರಿಸಲಿಲ್ಲ. ಕುರ್ಚಿ ಬಂದರೆ ಯಾರು ಕೂರಬೇಕು ಅನ್ನುವ ಮಾತು ಬರುತ್ತದೆ ಅಂತ ಬೇಕಂತಲೇ ಬಿಟ್ಟೆವು. ಇದು ಸಣ್ಣ ವಿಷಯ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಯಾರು ಎಲ್ಲಿ ಕೂರುತ್ತಾರೆ ಅನ್ನುವುದರ ಮೇಲೇ ಯಾರು ಮಾತಾಡುತ್ತಾರೆ ಅನ್ನುವುದು ನಿಂತಿರುತ್ತದೆ.

ಆ ದಿನದ ಮಾತು ನನಗೆ ಚೆನ್ನಾಗಿ ನೆನಪಿದೆ. ಭತ್ತ ಹಾಕಿದವರು ಕಾಳು ಕಟ್ಟುವ ತನಕ ನೀರು ಬೇಕು ಅಂದರು. ಹತ್ತಿ, ಮೆಣಸಿನಕಾಯಿಯವರಿಗೆ ಇನ್ನೆರಡು ಸಲ ಹಾಯಿಸಿದರೆ ಸಾಕಿತ್ತು. ಹೊಲ ಗುತ್ತಿಗೆಗೆ ಹಿಡಿದವರು ಮೊದಲೇ ದುಡ್ಡು ಕೊಟ್ಟು ಕೂತಿದ್ದರು, ಅವರದು ಬೇರೆ ಸಂಕಟ. ಇಷ್ಟರಲ್ಲಿ ಹಿಂದೆ ಕೂತಿದ್ದ ಒಬ್ಬ ಅವ್ವ ಎದ್ದು ನಿಂತಳು. ಅವಳಿಗೆ ಹೊಲ ಇಲ್ಲ, ಕೂಲಿ ಮಾಡುತ್ತಾಳೆ.

"ನೀರ ಬಂದ್ರ ನಿಮ್ಮ ಹೊಲಕ್ಕ ಬರ್ತಾವ್ರಿ ಗೌಡ್ರ. ನಮ್ಮ ಕೊಡಕ್ಕ ಏನ ಬರ್ತದ?"

ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಅವಳ ಮಾತು ಸರಿಯಾಗೇ ಇತ್ತು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಉಪ್ಪು ಇದೆ. ಕುಡಿಯಲು ಇರುವುದು ಕಾಲುವೆಯಿಂದ ತುಂಬಿಸುವ ಕೆರೆ. ಕಾಲುವೆಯಲ್ಲಿ ನೀರು ಬರದಿದ್ದರೆ ಬೇಸಿಗೆಯಲ್ಲಿ ಹೊಲ ಇದ್ದವರು ಟ್ರ್ಯಾಕ್ಟರ್ ಟ್ಯಾಂಕರ್ ತರಿಸಿಕೊಳ್ಳುತ್ತಾರೆ, ಕೂಲಿಯವರು ಕೊಡ ಹೊತ್ತು ಅಲೆಯುತ್ತಾರೆ. ಕೆಲಸವೂ ಇಲ್ಲ, ನೀರೂ ಇಲ್ಲ ಅಂತಾದರೆ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾರೆ.

ಅವತ್ತು ತುಂಬಾ ಹೊತ್ತು ಜಗ್ಗಾಡಿ ಒಂದು ತೀರ್ಮಾನಕ್ಕೆ ಬಂದೆವು. ಬೇಡಿಕೆ ಪತ್ರದಲ್ಲಿ ಮೊದಲ ಸಾಲು ಕುಡಿಯುವ ನೀರಿನ ಕೆರೆ ತುಂಬಿಸುವುದು. ಎರಡನೆಯದು ನಿಂತಿರುವ ಬೆಳೆ ಉಳಿಸುವುದು. ಹೊಲದವರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ, ನಮ್ಮ ಹೋರಾಟ ಕುಡಿಯುವ ನೀರಿನ ಹೋರಾಟ ಆಗಿಬಿಡುತ್ತದೆ ಅಂದರು. ಆದರೆ ನಮ್ಮ ಜೊತೆ ಒಬ್ಬ ನಿವೃತ್ತ ಮಾಸ್ತರು ಇದ್ದರು. ರಾಜ್ಯದ 2002ರ ಜಲನೀತಿಯಲ್ಲಿ ಕುಡಿಯುವ ನೀರಿಗೆ ಮೊದಲ ಸ್ಥಾನ, ನೀರಾವರಿಗೆ ಎರಡನೆಯದು, ಕಾರ್ಖಾನೆಗಳು ಅದಕ್ಕೂ ಕೆಳಗೆ ಅಂತ ಅವರು ಬಿಡಿಸಿ ಹೇಳಿದರು. ಅಂದರೆ ಕೂಲಿಯವರ ಬೇಡಿಕೆಗೆ ಕಾಗದದ ಬಲ ಹೊಲದವರಿಗಿಂತ ಜಾಸ್ತಿ ಇತ್ತು. ಕೆರೆ ತುಂಬಬೇಕಾದರೆ ಕಾಲುವೆಯ ತುದಿಯ ತನಕ ನೀರು ಹರಿಯಲೇಬೇಕು, ಹರಿದರೆ ಹೊಲಕ್ಕೂ ದಾರಿ ಆಗುತ್ತದೆ. ಇದು ತಿಳಿದ ಮೇಲೆ ಗೌಡರೇ ಆ ಅವ್ವನನ್ನು ಮುಂದಿನ ಸಭೆಗೆ ಕರೆತನ್ನಿ ಅಂತ ಹೇಳಿ ಕಳಿಸಿದರು. ಮಹಿಳಾ ಸಂಘದವರು ಸಾಲಾಗಿ ಬಂದರು. ಜನ ಹೆಚ್ಚಾಗಿದ್ದು ಅಲ್ಲಿಂದ.

ಕೊನೆ ಭಾಗದ ಊರುಗಳು ಸೇರಿದವು. ಆದರೂ ಅಷ್ಟರಿಂದ ಆಗುವ ಕೆಲಸ ಅಲ್ಲ ಅಂತ ಬೇಗ ಗೊತ್ತಾಯಿತು. ಕಾಲುವೆಗೆ ಎಷ್ಟು ನೀರು, ಎಷ್ಟು ದಿನ ಅನ್ನುವುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನ ಮಾಡುತ್ತದೆ. ಅಲ್ಲಿ ಕೂರುವವರು ಸಚಿವರು, ಶಾಸಕರು, ಸಂಸದರು, ಅಧಿಕಾರಿಗಳು. ಎಡದಂಡೆಯ ದಾರಿಯಲ್ಲಿ ಗಂಗಾವತಿ, ಕನಕಗಿರಿ, ಸಿಂಧನೂರು, ಮಸ್ಕಿ, ಮಾನ್ವಿ, ರಾಯಚೂರು ಗ್ರಾಮೀಣ ಅಂತ ಕ್ಷೇತ್ರಗಳಿವೆ. ಮೇಲಿನ ಕ್ಷೇತ್ರದ ಶಾಸಕರು ಕೊನೆ ಭಾಗದ ಪರ ಯಾಕೆ ಮಾತಾಡಬೇಕು? ಅವರಿಗೆ ಓಟು ಹಾಕುವವರು ಮೇಲಿನವರು. ಮೇಲಿನವರು ಮತ್ತು ನಾವು ಅಂತ ಗೆರೆ ಎಳೆದರೆ ಎಣಿಕೆಯಲ್ಲಿ ನಾವೇ ಸೋಲುತ್ತೇವೆ.

ಹೀಗಾಗಿ ನಾವು ಕೆಲವರು ಸಿಂಧನೂರು, ಕಾರಟಗಿ ಕಡೆ ಹೋದೆವು. ಬೈಯಲು ಹೋಗಿರಲಿಲ್ಲ, ಅಲ್ಲಿ ಹೇಗಿದೆ ಅಂತ ನೋಡಿಕೊಂಡು ಬರೋಣ ಅಂತ ಹೋದದ್ದು. ಕ್ಯಾಂಪುಗಳಲ್ಲಿ, ಅಂದರೆ ಹೊರಗಿನಿಂದ ಬಂದು ನೆಲೆಸಿದ ರೈತರ ಊರುಗಳಲ್ಲಿ, ಭತ್ತದ ಗದ್ದೆ ನೋಡಿ ನಮ್ಮ ಹುಡುಗರಿಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಊರಿನಲ್ಲಿ ಚಹಾ ಕುಡಿಯುತ್ತಾ ಮಾತಾಡುವಾಗ ಅಲ್ಲಿನ ರೈತರೊಬ್ಬರು ನಮ್ಮನ್ನು ಗಾಡಿಯಲ್ಲಿ ಕೂರಿಸಿಕೊಂಡು ತಮ್ಮ ಹೊಲಕ್ಕೆ ಕರೆದೊಯ್ದರು. ಮುಖ್ಯ ಕಾಲುವೆಯಿಂದ ಅವರ ವಿತರಣಾ ಕಾಲುವೆ ಒಡೆದು ಬಲು ದೂರ ಹೋಗುತ್ತದೆ. ಅದರ ತುದಿಯಲ್ಲಿ ಅವರ ಹೊಲ. ತೂಬು ಒಣಗಿತ್ತು. ಮುಖ್ಯ ಕಾಲುವೆ ತುಂಬಿ ಹರಿಯುವ ಊರಿನಲ್ಲೇ ಅವರ ಬೆಳೆ ಬಾಡುತ್ತಿತ್ತು.

"ಅಣ್ಣಾರ, ನೀವು ದೊಡ್ಡ ಕಾಲುವಿ ಲಾಸ್ಟು. ನಾವು ಸಣ್ಣ ಕಾಲುವಿ ಲಾಸ್ಟು. ನಮ್ದೂ ಅದ ಹಣೇಬರ" ಅಂದರು.

ಅವರ ಆ ಮಾತಿನಿಂದ ನಮ್ಮ ಇಡೀ ಲೆಕ್ಕವೇ ಬದಲಾಯಿತು. ಪ್ರತಿ ವಿತರಣಾ ಕಾಲುವೆಗೂ ಒಂದು ಕೊನೆ ಇದೆ. ಗಂಗಾವತಿಯಲ್ಲೂ ಇದೆ, ಸಿಂಧನೂರಿನಲ್ಲೂ ಇದೆ. ಕೊನೆ ಭಾಗದ ರೈತರು ಅಂದರೆ ಮಾನ್ವಿ, ಸಿರವಾರದವರು ಮಾತ್ರ ಅಂತ ನಾವೇ ಅಂದುಕೊಂಡಿದ್ದೆವು, ಪೇಪರಿನವರೂ ಹಾಗೇ ಬರೆಯುತ್ತಿದ್ದರು. ಎಲ್ಲ ವಿತರಣಾ ಕಾಲುವೆಗಳ ಕೊನೆಯವರನ್ನು ಸೇರಿಸಿದರೆ ಪ್ರತಿ ಶಾಸಕರ ಕ್ಷೇತ್ರದಲ್ಲೂ ನಮ್ಮವರು ಇದ್ದಾರೆ. ಎದುರಾಳಿ ಅಂತ ತಿಳಿದ ಊರಿನಲ್ಲಿ ನಮ್ಮ ಕಷ್ಟವನ್ನೇ ಪಡುವವರು ಸಿಕ್ಕಿದ್ದು ನನ್ನ ಪಾಲಿಗೆ ಈ ಇಡೀ ಓಡಾಟದ ದೊಡ್ಡ ಗಳಿಕೆ. ಮೈತ್ರಿ ಬೆಳೆಯಬೇಕು ಅಂದರೆ ಗೆರೆಯನ್ನು ಬೇರೆ ಕಡೆ ಎಳೆಯಬೇಕು ಅಂತ ಅವತ್ತು ಅರ್ಥವಾಯಿತು.

ಸೇರಿದವರು ಸುಮ್ನೆ ಸೇರಲಿಲ್ಲ. ಮೇಲಿನ ಊರಿನವರು ಒಂದು ಷರತ್ತು ಹಾಕಿದರು. ಭತ್ತ ನಿಲ್ಲಿಸಿ ಅಂತ ನೀವು ಕೇಳಬಾರದು. ಅವರಲ್ಲಿ ಅರ್ಧ ಜನ ಭತ್ತದ ಗದ್ದೆಯಲ್ಲೇ ಬದುಕುವವರು. ನಾವೂ ಒಂದು ಷರತ್ತು ಇಟ್ಟೆವು. ಕೊನೆ ಭಾಗದ ಸರದಿ ಇರುವ ದಿನಗಳಲ್ಲಿ ನಿಮ್ಮ ಊರಿನ ಪಂಪ್‌ಸೆಟ್‌ಗಳನ್ನು ನೀವೇ ನಿಲ್ಲಿಸಬೇಕು, ಪೊಲೀಸರು ಬರುವ ತನಕ ಕಾಯಬಾರದು. ಎರಡೂ ಕಡೆ ಒಪ್ಪಿದರು. ಊರಿಗೆ ಬಂದು ಹೇಳಿದಾಗ ನಮ್ಮವರೇ ಸಿಟ್ಟಾದರು. ಭತ್ತದ ಮಾತೇ ಎತ್ತದೆ ಹೋರಾಟ ಏನು ಬಂತು, ಮಾರಿಕೊಂಡು ಬಂದಿರಿ ಅಂದರು. ಒಂದು ಬಣ ಎದ್ದು ಹೋಯಿತು, ಆಮೇಲೆ ತಿರುಗಿ ಬರಲಿಲ್ಲ. ನನಗೆ ಅದರ ಬೇಸರ ಇದೆ. ಆದರೂ ಆ ಒಪ್ಪಂದ ಸರಿ ಅಂತಲೇ ನನ್ನ ನಂಬಿಕೆ. ಬೆಳೆ ಪದ್ಧತಿ ಬದಲಾಗಬೇಕು ನಿಜ, ಅದು ವರ್ಷಗಟ್ಟಲೆ ಹಿಡಿಯುವ ಕೆಲಸ, ಮಾರುಕಟ್ಟೆ ಬೇಕು, ಬೆಂಬಲ ಬೆಲೆ ಬೇಕು. ಒಣಗುತ್ತಿರುವ ಹತ್ತಿ ಅಷ್ಟು ದಿನ ಕಾಯುವುದಿಲ್ಲ.

ಆಮೇಲೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆವು. ಬೇಡಿಕೆಗಳ ಜೊತೆ ನಮ್ಮ ನಮ್ಮೊಳಗಿನ ಕಟ್ಟುಪಾಡೂ ಅದರಲ್ಲಿತ್ತು. ಪಕ್ಷದ ಬಾವುಟ ಬೇಡ. ಶಾಸಕರನ್ನಾಗಲಿ ಅಧಿಕಾರಿಗಳನ್ನಾಗಲಿ ಯಾರೂ ಒಬ್ಬರೇ ಹೋಗಿ ಕಾಣಬಾರದು. ಪಟ್ಟಿ ಎತ್ತಿದ ದುಡ್ಡಿನ ಲೆಕ್ಕ ಪ್ರತಿ ಸಭೆಯಲ್ಲೂ ಓದಬೇಕು. ಯಾವ ವಿಷಯ ಈ ವೇದಿಕೆಯಲ್ಲಿ ಎತ್ತುವುದಿಲ್ಲ ಅನ್ನುವುದನ್ನೂ ಬರೆದೆವು. ಬರೆಯದೆ ಬಿಟ್ಟರೆ ಅದೇ ಮುಂದೆ ಜಗಳವಾಗುತ್ತದೆ.

ಹಾಳೆ ಬರೆಯುವಾಗ ನಮ್ಮ ಮುಂದೆ 2018ರ ಸರ್ಕಾರದ ನೆನಪಿತ್ತು. ಆಗ ಬಿಜೆಪಿ 104, ಕಾಂಗ್ರೆಸ್ 80ರ ಹತ್ತಿರ, ಜೆಡಿಎಸ್ 37. ಕಾಂಗ್ರೆಸ್, ಜೆಡಿಎಸ್ ಸೇರಿ ಸರ್ಕಾರ ಮಾಡಿದವು. ಚುನಾವಣೆಯಲ್ಲಿ ಬಡಿದಾಡಿದ ಎರಡು ಪಕ್ಷ ಫಲಿತಾಂಶ ಬಂದ ಮೇಲೆ ಕೈ ಹಿಡಿದವು, ಸಮನ್ವಯ ಸಮಿತಿ ಬಂದದ್ದು ಅದಾದ ಮೇಲೆ. ಹಳ್ಳಿಗಳಲ್ಲಿ ಎರಡೂ ಪಕ್ಷದ ಕಾರ್ಯಕರ್ತರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೇಲೆ ಕೂಡಿದರೂ ಕೆಳಗೆ ಕೂಡಲಿಲ್ಲ. 2019ರ ಜುಲೈನಲ್ಲಿ 99ಕ್ಕೆ 105 ಮತಗಳಿಂದ ಸರ್ಕಾರ ಬಿತ್ತು. ರಾಜೀನಾಮೆ ಕೊಟ್ಟವರಲ್ಲಿ ನಮ್ಮ ಪಕ್ಕದ ಮಸ್ಕಿಯ ಶಾಸಕರೂ ಇದ್ದರು.

ಮಸ್ಕಿಯ ಕಥೆ ಅಲ್ಲಿಗೆ ನಿಲ್ಲುವುದಿಲ್ಲ, ನಮಗೆ ಧೈರ್ಯ ಕೊಟ್ಟದ್ದೂ ಅದೇ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತರು. 2021ರ ಏಪ್ರಿಲ್‌ನಲ್ಲಿ ಉಪಚುನಾವಣೆ ಬಂದಾಗ ಅದೇ ದೊಡ್ಡ ವಿಷಯ ಆಯಿತು, ಆಳುವ ಪಕ್ಷ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿತು. ಅದಕ್ಕೂ ಹಿಂದೆ 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದದಲ್ಲಿ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು, ಗೋಲಿಬಾರ್ ಆಯಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. 1983ರಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು, ಅದಕ್ಕೆ ಬಿಜೆಪಿಯ 18 ಶಾಸಕರು ಹೊರಗಿನಿಂದ ಬೆಂಬಲ ಕೊಟ್ಟರು. ಕಾಲುವೆಯ ದಂಡೆಯಲ್ಲಿ ಶುರುವಾದ ಸಿಟ್ಟು ವಿಧಾನಸೌಧದ ಮೈತ್ರಿಯ ತನಕ ಹೋದದ್ದು ಹೊಸದೇನಲ್ಲ.

ನಮ್ಮ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಗೇಜ್, ಅಂದರೆ ಕಾಲುವೆಯ ನೀರಿನ ಎತ್ತರ ತೋರಿಸುವ ಅಳತೆಪಟ್ಟಿ, ಓದುವುದು. 69ನೇ ಮೈಲಿನಲ್ಲಿ ಇಷ್ಟು ಅಡಿ, 104ನೇ ಮೈಲಿನಲ್ಲಿ ಇಷ್ಟು ಅಡಿ ನೀರು ನಿಲ್ಲಿಸುತ್ತೇವೆ ಅಂತ ಪ್ರತಿ ಸಲ ಮಾತು ಕೊಡುತ್ತಾರೆ. ಹುಡುಗರು ಪಾಳಿ ಹಾಕಿಕೊಂಡು ಹೋಗಿ, ಗೇಜಿನ ಫೋಟೊ ತೆಗೆದು, ಹೊತ್ತು ಬರೆದು ವಾಟ್ಸಾಪ್ ಗುಂಪಿಗೆ ಹಾಕತೊಡಗಿದರು. ಮೇಲಿನ ಊರುಗಳ ನಮ್ಮವರು ಅಲ್ಲಿಂದ ಹಾಕುತ್ತಿದ್ದರು. ಎಲ್ಲಿ ನೀರು ಇಳಿಯಿತು ಅನ್ನುವುದು ಅದೇ ದಿನ ಗೊತ್ತಾಗುತ್ತಿತ್ತು. ಒಮ್ಮೆ ಒಬ್ಬ ಅಧಿಕಾರಿ ನೀರು ಸರಿಯಾಗಿ ಹೋಗುತ್ತಿದೆ ಅಂತ ಫೋನಿನಲ್ಲಿ ಹೇಳುತ್ತಿದ್ದರು, ಅದೇ ಹೊತ್ತಿಗೆ ನಮ್ಮ ಹುಡುಗ ಗೇಜಿನ ಮುಂದೆ ನಿಂತಿದ್ದ. ನಾವು ಜಗಳ ಮಾಡಲಿಲ್ಲ. ಫೋಟೊ ಕಳಿಸಿದೆವು. ಸಂಜೆಗೆ ಗ್ಯಾಂಗ್‌ಮನ್‌ಗಳು ಕಾಲುವೆ ಮೇಲೆ ಬಂದರು.

ಸಲಹಾ ಸಮಿತಿಯ ಸಭೆಗೆ ಮುಂಚೆ ಪ್ರತಿ ಶಾಸಕರಿಗೂ ಅವರದೇ ಕ್ಷೇತ್ರದ ಊರುಗಳವರು ಹೋಗಿ ಒಂದೇ ಹಾಳೆ ಕೊಟ್ಟರು. ನಾವು ಸಿರವಾರದವರು ಸಿಂಧನೂರಿನ ಶಾಸಕರ ಬಾಗಿಲಿಗೆ ಹೋಗಲಿಲ್ಲ, ಸಿಂಧನೂರಿನವರೇ ಹೋದರು. ಇದು ಬಹಳ ಮುಖ್ಯ. ಬೇರೆ ಬೇರೆ ಪಕ್ಷದ ಶಾಸಕರು ಒಂದೇ ಮಾತು ಆಡಿದಾಗ ಅದು ಯಾವ ಪಕ್ಷದ ಬೇಡಿಕೆಯೂ ಆಗುವುದಿಲ್ಲ, ತಳ್ಳಿ ಹಾಕುವುದು ಕಷ್ಟವಾಗುತ್ತದೆ. ಕೆರೆಗಳಿಗೆ ನೀರು ಬಂತು. ವಾರಾಬಂದಿಯಲ್ಲಿ, ಅಂದರೆ ಸರದಿ ಪ್ರಕಾರ ನೀರು ಬಿಡುವ ಪದ್ಧತಿಯಲ್ಲಿ, ನಮ್ಮ ಪಾಳಿ ಬಂದಾಗ ಮೇಲಿನ ಕೆಲವು ಊರುಗಳಲ್ಲಿ ಪಂಪ್‌ಸೆಟ್ ನಿಜವಾಗಿಯೂ ನಿಂತವು. ಎಲ್ಲ ಕಡೆ ನಿಲ್ಲಲಿಲ್ಲ. ಹತ್ತಿ ಒಂದಷ್ಟು ಉಳಿಯಿತು, ಭತ್ತ ಹಾಕಿದ್ದ ನಮ್ಮವರಿಗೆ ನಷ್ಟವೇ ಆಯಿತು. 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ಬಂದು, ಕಾಲುವೆಯಿಂದ ಅಕ್ರಮವಾಗಿ ನೀರು ಎತ್ತುವವರಿಗೆ ಶಿಕ್ಷೆ ಜಾಸ್ತಿಯಾಯಿತು. ಕಾವೇರಿ ಕಡೆಯ ಕೊನೆ ಭಾಗದವರದೂ ಇದೇ ದೂರು ಇತ್ತು. ಕಾಯ್ದೆ ಬಂದದ್ದು ನಮ್ಮ ಒಕ್ಕೂಟದಿಂದ ಅಂತ ನಾನು ಹೇಳುವುದಿಲ್ಲ. ಅದನ್ನು ಜಾರಿ ಮಾಡಿಸಲು ಕಾಲುವೆ ಮೇಲೆ ಜನ ಬೇಕು, ಆ ಜನ ಈಗ ನಮ್ಮ ಬಳಿ ಇದ್ದಾರೆ.

2024ರ ಲೋಕಸಭಾ ಚುನಾವಣೆ ಬಂದಾಗ ಒಳಗೇ ಬಿರುಕು ಕಾಣಿಸಿತು. ಎಲ್ಲ ಪಕ್ಷದವರೂ ಬಂದರು, ಬೆಂಬಲ ಘೋಷಿಸಿ ಅಂದರು. ಘೋಷಿಸಿಬಿಡೋಣ, ಆಮೇಲೆ ಕೆಲಸ ಮಾಡಿಸಿಕೊಳ್ಳೋಣ ಅಂತ ನಮ್ಮಲ್ಲಿ ಕೆಲವರ ವಾದ. ನಾನು ಬೇಡ ಅಂದೆ. ಒಬ್ಬರ ಪರ ನಿಂತ ದಿನವೇ ಉಳಿದ ಶಾಸಕರ ಬಾಗಿಲು ಮುಚ್ಚುತ್ತದೆ. ಓಟು ಅವರವರ ಇಷ್ಟ, ವೇದಿಕೆಯ ಪರವಾಗಿ ಎಲ್ಲ ಅಭ್ಯರ್ಥಿಗಳಿಗೂ ಅದೇ ಹಾಳೆ ಕೊಡುವುದು ಅಂತ ತೀರ್ಮಾನವಾಯಿತು. ಚೆನ್ನಾಗಿ ಭಾಷಣ ಮಾಡುವ ಒಬ್ಬರು ಒಂದು ಪಕ್ಷದ ಪ್ರಚಾರಕ್ಕೆ ಹೋದರು. ಅವರನ್ನು ಹೊರಗೆ ಹಾಕಲಿಲ್ಲ, ಚುನಾವಣೆ ಮುಗಿಯುವ ತನಕ ವೇದಿಕೆಯಲ್ಲಿ ಮಾತಾಡಬೇಡಿ ಅಂದೆವು. ಅವರು ಒಪ್ಪಿದರು. ಈಗ ಮತ್ತೆ ಜೊತೆಗಿದ್ದಾರೆ.

ಅದೇ ವರ್ಷ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮಿನಿಂದ ನೀರು ನದಿಗೆ ಹೋಗುವುದನ್ನು ಟಿವಿಯಲ್ಲಿ ನೋಡಿ ಅತ್ತವರಿದ್ದಾರೆ. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು, ಮತ್ತೆ ಮಳೆ ಬಂದು ಡ್ಯಾಮ್ ತುಂಬಿತು. ಆ ವಾರ ನಮ್ಮ ಗುಂಪಿನಲ್ಲಿ ಮೇಲಿನವರು, ಕೆಳಗಿನವರು ಅನ್ನುವ ಮಾತೇ ಬರಲಿಲ್ಲ. ನೀರು ಸಮೃದ್ಧಿಯಾದ ಮೇಲೆ ಸಭೆಗೆ ಬರುವವರು ಕಡಿಮೆಯಾದರು. ಇದು ಎಲ್ಲ ಒಕ್ಕೂಟಗಳಿಗೂ ಬರುವ ಕಾಯಿಲೆ. ಮಹಿಳಾ ಸಂಘದವರು ಮಾತ್ರ ಒಂದು ಸಭೆಯನ್ನೂ ಬಿಟ್ಟಿಲ್ಲ, ಕೆರೆಯ ನೀರು ಅವರಿಗೆ ವರ್ಷವಿಡೀ ಬೇಕಲ್ವಾ.

ಈಗ ನಮ್ಮ ಮುಂದಿರುವುದು ನವಲಿ ಜಲಾಶಯದ ವಿಷಯ. ಹೂಳಿನಿಂದ ಕಳೆದುಕೊಂಡ ನೀರನ್ನು ಹಿಡಿದಿಡಲು ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಇನ್ನೊಂದು ಜಲಾಶಯ ಕಟ್ಟುವ ಪ್ರಸ್ತಾವ ಇದೆ. ತುಂಗಭದ್ರೆ ಮೂರು ರಾಜ್ಯದ ನದಿ, ಹಾಗಾಗಿ ಆಂಧ್ರ, ತೆಲಂಗಾಣ ಒಪ್ಪದೆ ಕೆಲಸ ಮುಂದೆ ಹೋಗುವುದಿಲ್ಲ. ಅಲ್ಲಿನ ಕಾಲುವೆಗಳಿಗೂ ಕೊನೆ ಇರುತ್ತದೆ, ಆ ರೈತರನ್ನು ಹುಡುಕಿ ಮಾತಾಡಬೇಕು ಅಂತ ನಮ್ಮಲ್ಲಿ ಹಲವರ ಆಸೆ. ಆಗಲಿ, ಅಲ್ಲಿಗೂ ಹೋಗೋಣ. ಆದರೆ ಜಲಾಶಯ ಬಂದರೆ ಹೊಲ ಕಳೆದುಕೊಳ್ಳುವವರು ನವಲಿ ಸುತ್ತಲಿನ ಊರಿನವರು. ಅವರ ಹೊಲ ಮುಳುಗಿಸಿ ನಮ್ಮ ಹೊಲಕ್ಕೆ ನೀರು ಕೇಳುವ ಮುಂಚೆ ಅವರ ಜೊತೆ ಕೂತು ಮಾತಾಡಬೇಕು, ಅವರ ಬೇಡಿಕೆ ಹಾಳೆಯ ಮೊದಲ ಸಾಲಿಗೆ ಬರಬೇಕು ಅಂತ ನಾನು ಹೇಳಿದ್ದೇನೆ. ಮುಂದಿನ ಸಭೆಯಲ್ಲಿ ಇದೇ ಚರ್ಚೆ, ಎಲ್ಲರೂ ಇನ್ನೂ ಒಪ್ಪಿಲ್ಲ.